ಒಂದು ಉಣ್ಣಿಯೂ ಇಲ್ಲದ ಮನೆ

ನಮ್ಮ ಅತ್ತಿಗೆಗೆ ಎಲ್ಲರ ಮೇಲೂ ಅನುಮಾನ. ಹಾಲಿನವನ ಮೇಲೆ, ಗೋಡೆ ಗಡಿಯಾರದ ಮೇಲೆ, ಬಸ್ಸಿನಲ್ಲಿ ಪಕ್ಕದಲ್ಲಿ ಕೂತು ಸುಮ್ಮನೆ ನಕ್ಕವರ ಮೇಲೆ. ಮದುವೆಯ ಮಾತುಕತೆಯೆಲ್ಲ ಮುಗಿದ ಮೇಲೆ ಅಣ್ಣನನ್ನು ಪಕ್ಕಕ್ಕೆ ಕರೆದು, "ಸ್ವಲ್ಪ ಬಾಯಿ ತೆಗೀರಿ" ಎಂದಿದ್ದಳಂತೆ. ಹಲ್ಲು ಸ್ವಂತದ್ದೋ ಕಟ್ಟಿಸಿದ್ದೋ ನೋಡಬೇಕಿತ್ತು. ಅಣ್ಣ ತುಟಿ ಪಿಟಕ್ಕೆನ್ನದ ಮನುಷ್ಯ, ತೆಗೆದ. ಆಮೇಲೆ ಈ ಮನೆಯಲ್ಲಿ ಅವನು ಬಾಯಿ ತೆಗೆದದ್ದು ಊಟಕ್ಕೆ ಮಾತ್ರ ಎಂದು ನಾನು ಆಡಿಕೊಳ್ಳುತ್ತಿರುತ್ತೇನೆ.

ನಾನು ಅವಳ ನಾದಿನಿ. ಅವಳು ನನಗಿಂತ ಎರಡೇ ವರ್ಷ ದೊಡ್ಡವಳಾದ್ದರಿಂದ ನಮ್ಮಿಬ್ಬರಲ್ಲಿ ಏಕವಚನವೇ. ಗಂಡನ ಮನೆ ಒಗ್ಗದೆ ಒಂದು ಪೆಟ್ಟಿಗೆ ಹಿಡಿದು ನಾನು ವಾಪಸು ಬಂದ ದಿನ, ಅತ್ತಿಗೆ ಆ ಪೆಟ್ಟಿಗೆಯನ್ನು ಬಾಗಿಲಲ್ಲೇ ತೆಗೆಸಿ ನೋಡಿದಳು. ನನಗೆ ಅಳುವೂ ಬಂತು, ಸಿಟ್ಟೂ ಬಂತು. ನೋಡಿ ಮುಗಿದ ಮೇಲೆ ತಾನೇ ಪೆಟ್ಟಿಗೆ ಹೊತ್ತು ಮಹಡಿ ಕೋಣೆಗೆ ನಡೆದಳು. ಒಳ್ಳೆ ಬೆಳಕು ಬೀಳುವ ಕಿಟಕಿಯ ಕೆಳಗೆ ತನ್ನ ಹೊಲಿಗೆ ಮಿಷನ್ನನ್ನು ಎಳೆದಿಟ್ಟು, "ಇಲ್ಲೇ ಇರು. ಆದ್ರೆ ನಿಜ ಹೇಳು, ಪೂರ್ತಿ ಬಿಟ್ಟೇ ಬಂದಿದ್ದೀಯ ತಾನೆ? ನಾಲ್ಕು ದಿನ ಬಿಟ್ಟು ಅವರು ಕರೆದ್ರೆ ಮತ್ತೆ ಹೋಗಲ್ಲ ತಾನೆ?" ಎಂದಳು. ಅವಳು ಪ್ರೀತಿ ತೋರಿಸುವುದೇ ಹಾಗೆ, ವಿಚಾರಣೆ ಮಾಡಿ. ಹನ್ನೊಂದು ವರ್ಷದಿಂದ ಆ ಕಿಟಕಿಯ ಕೆಳಗೇ ಕೂತು ಊರವರ ಬಟ್ಟೆ ಹೊಲಿಯುತ್ತಿದ್ದೇನೆ.

ಈ ಗುಣ ಹುಟ್ಟಿನಿಂದ ಬಂದದ್ದೋ ಕೆಲಸದಿಂದ ಬಂದದ್ದೋ ಹೇಳಲಾರೆ. ಹದಿನಾಲ್ಕು ವರ್ಷ ಅವಳು ಒಂದು ಬಟ್ಟೆ ಕಾರ್ಖಾನೆಯ ಗೇಟಿನಲ್ಲಿ ಕೆಲಸಕ್ಕಿದ್ದಳು. ಸಂಜೆ ಶಿಫ್ಟು ಬಿಟ್ಟಾಗ ಹೊರಗೆ ಹೋಗುವ ಹೆಂಗಸರ ಚೀಲ, ಊಟದ ಡಬ್ಬಿ, ಕೊಡೆ, ಜಡೆ ಎಲ್ಲ ಮುಟ್ಟಿ ನೋಡುವುದೇ ಅವಳ ಕೆಲಸ. ದಾರದ ಉಂಡೆ, ಗುಂಡಿಯ ಪೊಟ್ಟಣ, ಒಮ್ಮೆ ಒಬ್ಬಳ ಹೊಟ್ಟೆಗೆ ಸುತ್ತಿಕೊಂಡಿದ್ದ ಮೂರು ಮೀಟರ್ ಮಕಮಲ್ಲು, ಹೀಗೆ ಸಿಕ್ಕಿದ್ದಕ್ಕೆ ಲೆಕ್ಕವಿಲ್ಲ. "ಮುಖ ನೋಡಿದ್ರೆ ಮೋಸ ಹೋಗ್ತೀವಿ ಕಣೇ, ಕೈ ನೋಡಬೇಕು" ಎನ್ನುತ್ತಿದ್ದಳು. ಕಾರ್ಖಾನೆ ಮುಚ್ಚಿದ ದಿನ ಗೇಟಿನ ಕೊಠಡಿಯಲ್ಲಿದ್ದ ಮರದ ಬೆಂಚನ್ನೂ, ಗೇಟಿನಲ್ಲೇ ಬೆಳೆದ ಒಂದು ನಾಯಿಯನ್ನೂ ಕೈಗಾಡಿಗೆ ಹಾಕಿಕೊಂಡು ಮನೆಗೆ ಬಂದಳು. ಬೆಂಚು ಮುಂಬಾಗಿಲ ಒಳಗಿನ ಇಕ್ಕಟ್ಟು ಪ್ಯಾಸೇಜಿನಲ್ಲಿ ಗೋಡೆಗೆ ಆತು ಕೂತಿತು. ನಾಯಿಗೆ ಆಗಲೇ ಮೀಸೆ ಬೆಳ್ಳಗಾಗಿತ್ತು, ಅದಕ್ಕೇ ಮುದುಕಪ್ಪ ಎಂದು ಕರೆದೆವು.

ಆ ಮುದುಕಪ್ಪನಿಂದಲೇ ಹೊಸ ಕೆಲಸ ಹುಟ್ಟಿತು. ಎದುರಿನ ದೊಡ್ಡ ವಸತಿ ಕಟ್ಟಡದ ಒಬ್ಬರು ಊರಿಗೆ ಹೋಗುವಾಗ, "ನಿಮ್ಮ ನಾಯಿ ಎಷ್ಟು ಚೊಕ್ಕಟವಾಗಿದೆ, ನಮ್ಮದನ್ನೂ ನಾಲ್ಕು ದಿನ ಇಟ್ಕೊಳ್ತೀರಾ?" ಎಂದು ಕೇಳಿದರು. ನಾಲ್ಕು ದಿನ ಆದಮೇಲೆ ಇನ್ನೊಬ್ಬರು ಬಂದರು, ಅವರ ಹಿಂದೆ ಮತ್ತೊಬ್ಬರು. ವರ್ಷ ತುಂಬುವುದರೊಳಗೆ ಕೆಳಗಿನ ಎರಡು ಕೋಣೆ ನಾಯಿಗಳದ್ದಾಯಿತು. ಯಾವಾಗ ನೋಡಿದರೂ ಐದಾರು ನಾಯಿ ಇರುತ್ತಿದ್ದವು. ಅಣ್ಣ ಕೆಂಪು ಬಣ್ಣದಲ್ಲಿ ಬೋರ್ಡು ಬರೆದುಕೊಟ್ಟ. ಮೊದಲ ಸಾಲು, 'ನಾಯಿಗಳನ್ನು ನೋಡಿಕೊಳ್ಳಲಾಗುವುದು.' ಎರಡನೆಯದು ಅತ್ತಿಗೆ ಹೇಳಿ ಬರೆಸಿದ್ದು: 'ಇಲ್ಲಿ ಒಂದು ಉಣ್ಣಿಯೂ ಇಲ್ಲ.'

ಜನ ಬರುತ್ತಿದ್ದದ್ದು ಆ ಎರಡನೇ ಸಾಲಿಗೆ. ಮುಖ್ಯರಸ್ತೆಯ ಆಚೆ ಇಂಥದ್ದೇ ಇನ್ನೊಂದು ಜಾಗವಿತ್ತು. ಅಲ್ಲಿಂದ ವಾಪಸು ಬಂದ ನಾಯಿಯ ಕಿವಿಯೊಳಗೆ ಯಾರೋ ಉಣ್ಣಿ ನೋಡಿದರು ಅಷ್ಟೆ, ತಿಂಗಳೊಳಗೆ ಅವರು ಬಾಗಿಲು ಹಾಕಿದರು. ಅತ್ತಿಗೆ ಅದನ್ನು ಮರೆಯಲಿಲ್ಲ. "ಒಬ್ಬರ ಕಣ್ಣಿಗೆ ಒಂದೇ ಒಂದು ಬಿದ್ರೂ ಸಂಜೆ ಹೊತ್ತಿಗೆ ಇಡೀ ಕಟ್ಟಡಕ್ಕೆ ಗೊತ್ತಾಗತ್ತೆ. ಹೆಸರು ಹೋದ್ರೆ ನನಗೆ ಇನ್ನೇನಿದೆ? ಹೋಗಿ ನಿಂತ್ಕೊಳ್ಳೋಕೆ ಗೇಟೂ ಇಲ್ಲ" ಎನ್ನುತ್ತಿದ್ದಳು.

ಹಾಗಾಗಿ ನಮ್ಮ ಮನೆಗೆ ಬರುವ ಪ್ರತಿ ನಾಯಿಗೂ ಬಾಗಿಲಲ್ಲೇ ತಪಾಸಣೆ. ಬೀದಿಯವರು ಅವಳಿಗೆ ಚೆಕ್‌ಪೋಸ್ಟ್ ಅಕ್ಕ ಎಂದು ಹೆಸರಿಟ್ಟಿದ್ದರು. ಬೆಂಚಿನ ಮೇಲೆ ಹಳೆಯ ಕಾರ್ಪೆಟ್ಟಿನ ತುಂಡೊಂದನ್ನು ಮೊಳೆ ಹೊಡೆದು ಕೂರಿಸಿದ್ದಳು, ನಾಯಿಗಳ ಕಾಲು ಜಾರಬಾರದೆಂದು. ನಾಯಿಯನ್ನು ಅದರ ಮೇಲೆ ನಿಲ್ಲಿಸಿ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಶುರುಮಾಡುವಳು. ಕಿವಿಯ ಮಡಿಕೆ, ಕುತ್ತಿಗೆ ಪಟ್ಟಿಯ ಕೆಳಗೆ, ಕಾಲ್ಬೆರಳ ಸಂದು, ಬಾಲದ ಬುಡ. ಸಣ್ಣ ಹಲ್ಲಿನ ಬಾಚಣಿಗೆಯಲ್ಲಿ ಮೈಯೆಲ್ಲ ಬಾಚುವಳು. ಚರ್ಮಕ್ಕೆ ಕಚ್ಚಿಕೊಂಡದ್ದು ಸಿಕ್ಕರೆ ಹುಬ್ಬು ಕೀಳುವ ಚಿಮಟದಲ್ಲಿ ಬುಡಕ್ಕೆ ಹಿಡಿದು ನೇರವಾಗಿ ಎಳೆದು, ಸ್ಪಿರಿಟ್ ತುಂಬಿದ ಪುಟ್ಟ ಸೀಸೆಗೆ ಹಾಕುವಳು. ಸೀಸೆಯ ಮೇಲೆ ಚೀಟಿ: 'ಬ್ಯಾಂಕಿನವರ ನಾಯಿ, ಸೋಮವಾರ.' 'ಮೂರನೇ ಮಹಡಿ ಹೆಂಗಸು, ಶುಕ್ರವಾರ.' ಆ ಸೀಸೆಗಳನ್ನು ಕಪಾಟಿನಲ್ಲಿ ಸಾಲಾಗಿ ಜೋಡಿಸಿಟ್ಟಿದ್ದಳು. ನಾಳೆ ಯಾರಾದರೂ 'ನಿಮ್ಮಲ್ಲೇ ಹತ್ತಿದ್ದು' ಎಂದು ತಕರಾರು ತೆಗೆದರೆ ಸಾಕ್ಷಿ ಇರಲೆಂದು. ಪೊಲೀಸ್ ಠಾಣೆಯಲ್ಲೂ ಅಷ್ಟು ನೀಟಾಗಿ ಇಟ್ಟಿರಲಾರರು.

ಇಷ್ಟೆಲ್ಲ ಇದ್ದ ಮನೆಯಲ್ಲಿ, ಒಂದು ಬೇಸಿಗೆಯ ಬೆಳಿಗ್ಗೆ, ಪ್ಯಾಸೇಜಿನ ಗೋಡೆಯ ಮೇಲೆ ಎಳ್ಳಿನಷ್ಟು ದೊಡ್ಡ ಕಂದು ಚುಕ್ಕೆಯೊಂದು ಮೇಲಕ್ಕೆ ಹತ್ತುತ್ತಿತ್ತು. ನೋಡಿದವಳು ನಾನು. "ಅತ್ತಿಗೆ, ಇಲ್ಲಿ ಬಾ" ಎಂದೆ. ಅವಳು ಬಂದು ನೋಡಿ, ಬಾಗಿಲು ಮುಚ್ಚಿ, ಎರಡು ಉಗುರಿನ ನಡುವೆ ಅದನ್ನು ಚಿಟುಕಿಸಿ ಒಡೆದು ಸೆರಗಿಗೆ ಕೈ ಒರೆಸಿಕೊಂಡಳು.

"ಯಾರಿಗೂ ಹೇಳ್ಬೇಡ" ಎಂದಳು. "ಇದನ್ನ ಯಾರೋ ತಂದು ಬಿಟ್ಟಿದ್ದಾರೆ."

ಅಲ್ಲಿಂದ ಅವಳ ತನಿಖೆ ಶುರುವಾಯಿತು. ಮೊದಲು ಸಿಕ್ಕಿಬಿದ್ದವರು ನಿವೃತ್ತ ಮೇಷ್ಟ್ರು, ಅವರ ನಾಯಿಗೆ ಮೈತುಂಬ ಕೂದಲು ಎಂಬ ಅಪರಾಧಕ್ಕೆ. "ಮುಂದಿನ ಸಲ ಜಾಗ ಇಲ್ಲ" ಎಂದುಬಿಟ್ಟಳು. ಮಾರನೆಯ ವಾರ ಮತ್ತೆರಡು ಕಂಡವು, ಕಿಟಕಿಯ ಪರದೆಯ ಮಡಿಕೆಯಲ್ಲಿ. ಆಗ ಬ್ಯಾಂಕಿನವರಿಗೂ ಬಾಗಿಲು ಮುಚ್ಚಿತು. ಮುಖ್ಯರಸ್ತೆಯ ಆಚೆ ನಾಯಿ ನೋಡಿಕೊಳ್ಳುತ್ತಿದ್ದು ಬಾಗಿಲು ಹಾಕಿದವನೇ ಹೊಟ್ಟೆಕಿಚ್ಚಿಗೆ ಬೆಂಕಿಪೊಟ್ಟಣದಲ್ಲಿ ತಂದು ಕಿಟಕಿಯಿಂದ ಉದುರಿಸಿ ಹೋಗುತ್ತಾನೆ ಎಂಬುದು ಒಂದು ವಾರದ ಅನುಮಾನ. ಎರಡು ಮಧ್ಯಾಹ್ನ ಪರದೆಯ ಹಿಂದೆ ಕೂತು ಕಾದಳು. ಅವನು ಆ ದಾರಿಯಲ್ಲಿ ಹೋದದ್ದು ನಿಜ, ಕೈಯಲ್ಲಿ ತರಕಾರಿ ಇತ್ತು.

ಕೊನೆಗೆ ಅನುಮಾನ ಮೆಟ್ಟಿಲು ಹತ್ತಿ ನನ್ನ ಹತ್ತಿರವೇ ಬಂತು.

"ನಿನಗೆ ಬಟ್ಟೆ ಕೊಡೋರ ಮನೇಲಿ ನಾಯಿ ಇದೆಯಾ?"

"ಇರಬಹುದು. ನಾನು ಸೊಂಟದ ಅಳತೆ ತಗೋತೀನಿ ಅತ್ತಿಗೆ, ನಾಯಿ ಇದೆಯಾ ಅಂತ ಕೇಳಲ್ಲ."

"ಇನ್ಮೇಲೆ ಕೇಳು. ಗಂಟು ಒಳಗೆ ತರೋಕೆ ಮುಂಚೆ ನನಗೆ ತೋರಿಸು."

ತೋರಿಸದೆ ಏನು ಮಾಡಲಿ? ಒಬ್ಬ ಗಿರಾಕಿಯ ಹೊಸ ಬಿಳಿ ಬಟ್ಟೆಯನ್ನು ಅವಳು ಅಂಗಳದಲ್ಲಿ ಕೊಡವಿದ್ದನ್ನು ಆ ಗಿರಾಕಿಯೇ ನೋಡಿದಳು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವತ್ತು ನಾನೂ ಸುಮ್ಮನಿರಲಿಲ್ಲ. "ನಿನ್ನ ನಾಯಿಗಳ ಕೊಳಕನ್ನ ನನ್ನ ತಲೆಗೆ ಕಟ್ಟಬೇಡ" ಎಂದೆ. "ನನ್ನ ನಾಯಿಗಳು ಎಲ್ಲಾ ನೋಡಿಯೇ ಒಳಗೆ ಬಂದಿವೆ, ನಿನ್ನ ಗಂಟು ಬಂದಿಲ್ಲ" ಎಂದಳು. ಎರಡು ದಿನ ಮಾತಿಲ್ಲ. ಅಣ್ಣ ಮಧ್ಯೆ ಕೂತು ಎರಡೂ ಕಡೆ ಉಪ್ಪು ದಾಟಿಸುತ್ತಿದ್ದ.

ಆಮೇಲೆ ಒಂದು ದಿನ ಮುದುಕಪ್ಪ ಊಟ ಮುಟ್ಟಲಿಲ್ಲ. ಮೂತಿ ಮುಂಗಾಲ ಮೇಲೆ ಇಟ್ಟು ಮಲಗಿದ್ದ. ಅತ್ತಿಗೆ ಹೆಸರು ಕರೆದಾಗ ತಲೆ ಎತ್ತಿದ, ಮೂಗಿನ ಒಂದು ಹೊಳ್ಳೆಯಿಂದ ರಕ್ತ ಹನಿಹನಿಯಾಗಿ ಇಳಿಯುತ್ತಿತ್ತು. ಅವಳು ಕಿರುಚಲಿಲ್ಲ. ತನ್ನ ಒಳ್ಳೆಯ ದುಪ್ಪಟಿಯಲ್ಲಿ ಅವನನ್ನು ಸುತ್ತಿ ಎತ್ತಿಕೊಂಡಳು. ನಾನು ಆಟೋ ನಿಲ್ಲಿಸಿದೆ. ಜಗಳವೆಲ್ಲ ಅಲ್ಲಿಗೆ ಮರೆತುಹೋಯಿತು.

ನಾಯಿ ಡಾಕ್ಟರು ಮುದುಕಪ್ಪನ ತುಟಿ ಎತ್ತಿ ಒಸಡು ನೋಡಿದರು. ಕೆಂಪಿರಬೇಕಾದ್ದು ಸುಣ್ಣದಂತೆ ಬೆಳ್ಳಗಿತ್ತು. ರಕ್ತ ತೆಗೆದು ಪರೀಕ್ಷೆ ಮಾಡಿಸಿ, "ಉಣ್ಣಿ ಜ್ವರ" ಎಂದರು. "ಉಣ್ಣಿ ರಕ್ತ ಕುಡಿಯೋವಾಗ ರೋಗದ ಕ್ರಿಮಿ ಬಿಟ್ಟು ಹೋಗತ್ತೆ. ರಕ್ತ ಹೆಪ್ಪುಗಟ್ಟೋ ಶಕ್ತಿಯೇ ಹೋಗಿಬಿಡತ್ತೆ. ಸದ್ಯ, ಬೇಗ ತಂದ್ರಿ. ಇಪ್ಪತ್ತೆಂಟು ದಿನ ಮಾತ್ರೆ ತಪ್ಪಿಸಬೇಡಿ. ಮನೇಲಿ ಉಣ್ಣಿ ಇದೆಯಾ?"

"ಒಂದೂ ಇಲ್ಲ" ಎಂದಳು ಅತ್ತಿಗೆ.

ಡಾಕ್ಟರು ಕನ್ನಡಕ ತೆಗೆದು ಅವಳನ್ನೇ ನೋಡಿದರು. "ನೋಡಮ್ಮ, ಈ ಕಂದು ಉಣ್ಣಿ ಕಾಡಿನದ್ದಲ್ಲ, ಮನೆಯದ್ದು. ಹುಟ್ಟಿದಾಗ ಒಂದು ಸಲ, ಸ್ವಲ್ಪ ಬೆಳೆದು ಒಂದು ಸಲ, ದೊಡ್ಡದಾಗಿ ಒಂದು ಸಲ ನಾಯಿ ಹತ್ತತ್ತೆ. ಪ್ರತಿ ಸಲವೂ ಹೊಟ್ಟೆ ತುಂಬಿದ ಮೇಲೆ ಉದುರಿ ಕತ್ತಲ ಸಂದು ಹುಡುಕ್ಕೊಂಡು ಹೋಗತ್ತೆ. ಒಂದೊಂದು ಹೆಣ್ಣು ಸಾವಿರಗಟ್ಟಲೆ ಮೊಟ್ಟೆ ಇಡತ್ತೆ. ತಿಂಗಳುಗಟ್ಟಲೆ ಉಪವಾಸ ಇದ್ರೂ ಸಾಯಲ್ಲ. ನಾಯಿ ಮೈಮೇಲೆ ನಿಮಗೆ ಕಾಣೋದು ಸ್ವಲ್ಪ, ಮಿಕ್ಕಿದ್ದು ಗೋಡೆ ಬಿರುಕಲ್ಲಿ, ಮರದ ಸಂದಲ್ಲಿ ಇರತ್ತೆ. ನಾಯಿಗೂ ಔಷಧಿ ಹಾಕಬೇಕು, ಮನೆಗೂ ಹಾಕಬೇಕು. ಒಂದು ಮಾಡಿ ಇನ್ನೊಂದು ಬಿಟ್ರೆ ಪ್ರಯೋಜನ ಇಲ್ಲ."

ಹೊರಗೆ ಬಂದ ಕೂಡಲೇ ಅತ್ತಿಗೆ ಮೂಗು ಮುರಿದಳು. "ಔಷಧಿ ಹೊಡೆಯೋನ ಜೊತೆ ಇವರಿಗೇನೋ ಒಪ್ಪಂದ ಇರಬೇಕು. ಔಷಧಿ ಹೊಡೆಯೋನ ಗಾಡಿ ಮನೆ ಮುಂದೆ ನಿಂತ್ರೆ ಬೀದಿಯವರಿಗೆ ಏನಂತ ಹೇಳ್ಲಿ?" ಮಾತ್ರೆಗಳನ್ನು ಮಾತ್ರ ಎದೆಗವಚಿಕೊಂಡು ತಂದಳು, ಗಂಟೆಗೆ ಸರಿಯಾಗಿ ಹಾಕಿದಳು. ಐದನೇ ದಿನಕ್ಕೆ ಮುದುಕಪ್ಪ ಬಾಲ ಆಡಿಸಿದ. ಮನೆಗೆ ಔಷಧಿ ಹೊಡೆಸಲಿಲ್ಲ. ಬದಲಿಗೆ ಬೆಂಚಿನ ಮೇಲಿನ ತಪಾಸಣೆ ಇನ್ನೂ ಬಿಗಿಯಾಯಿತು. ಬರುವಾಗ ಒಂದು ಸಲ ಇದ್ದದ್ದು ಬೆಳಿಗ್ಗೆ ಸಂಜೆ ಎರಡು ಸಲವಾಯಿತು. ಗೋಡೆಯಲ್ಲಿ ಕಂಡದ್ದನ್ನು ಮಾತ್ರ ಅವಳು ಸೀಸೆಗೂ ಹಾಕುತ್ತಿರಲಿಲ್ಲ, ಚಿಮಟವನ್ನೂ ಹುಡುಕುತ್ತಿರಲಿಲ್ಲ. ಯಾರಾದರೂ ನೋಡಿಯಾರೆಂದು ಅಲ್ಲೇ ಉಗುರಿನಲ್ಲಿ ಚಿಟುಕಿಸಿ ಮುಗಿಸುತ್ತಿದ್ದಳು.

ಎರಡು ವಾರ ಕಳೆಯುವುದರಲ್ಲಿ ಅವಳಿಗೇ ಜ್ವರ ಬಂತು. ತಲೆ ಸಿಡಿಯುತ್ತದೆ ಎಂದು ಪಟ್ಟಿ ಬಿಗಿದುಕೊಂಡು ನಾಯಿಗಳಿಗೆ ಊಟ ಹಾಕಿದಳು. ಎರಡನೇ ದಿನ ಎದ್ದು ನಿಲ್ಲಲಾಗಲಿಲ್ಲ. ಮೂರನೇ ದಿನ ಅಣ್ಣ, ನಾನು ಇಬ್ಬರೂ ಹಿಡಿದುಕೊಂಡು ಬೀದಿಯ ಕೊನೆಯ ಕ್ಲಿನಿಕ್ಕಿಗೆ ಕರೆದೊಯ್ದೆವು. ಬಿಸಿಲಿನಲ್ಲೂ ಅವಳು ಮಣಿಕಟ್ಟಿನವರೆಗೆ ಮುಚ್ಚುವ ತೋಳಿನ ರವಿಕೆ ಹಾಕಿಕೊಂಡಿದ್ದಳು. ನನಗೆ ಆಗಲೇ ಏಕೋ ಸಂಶಯ ಬಂತು. ದಾರಿಯಲ್ಲಿ ನಿಂತು ನಮ್ಮಿಬ್ಬರ ಕೈ ಹಿಡಿದುಕೊಂಡಳು.

"ಅಲ್ಲಿ ಉಣ್ಣಿ ಅನ್ನೋ ಪದ ನಿಮ್ಮ ಬಾಯಿಂದ ಬರಬಾರದು. ಮಾತು ಕೊಡಿ."

ಕಾರಣ ನಮಗೂ ಗೊತ್ತಿತ್ತು. ಕ್ಲಿನಿಕ್ಕಿನ ಕೌಂಟರಿನಲ್ಲಿ ಕೂರುವಾಕೆ ಎದುರು ಕಟ್ಟಡದವರು. ಅವರ ಬಿಳಿ ನಾಯಿ ತಿಂಗಳಿಗೆರಡು ಸಲ ನಮ್ಮಲ್ಲೇ ಇರುತ್ತಿತ್ತು. ಕೌಂಟರಿಗೂ ಡಾಕ್ಟರ ಕೋಣೆಗೂ ನಡುವೆ ಒಂದು ಪರದೆ ಮಾತ್ರ. ಅಲ್ಲಿ ಆಡಿದ ಮಾತು ಇಡೀ ಕಟ್ಟಡದಲ್ಲಿ ಆಡಿದ ಹಾಗೆ. ಅಣ್ಣ ತಲೆಯಾಡಿಸಿದ. ನಾನೂ "ಸರಿ" ಎಂದೆ. ಜ್ವರದವಳ ಹತ್ತಿರ ಏನು ವಾದ ಎಂದುಕೊಂಡೆ.

ಡಾಕ್ಟರು ಎಲ್ಲ ಕೇಳಿದರು. ಪ್ರಯಾಣ? ಇಲ್ಲ. ಹೊರಗಿನ ನೀರು? ಇಲ್ಲ. "ಹುಳ ಗಿಳ, ಉಣ್ಣಿ ಏನಾದರೂ ಕಚ್ಚಿದ್ದಿದೆಯಾ? ನಾಯಿ ಸಾಕಿದ್ದೀರಲ್ಲ?"

"ನಮ್ಮಲ್ಲಿ ಒಂದು ಉಣ್ಣಿಯೂ ಇಲ್ಲ" ಎಂದಳು ಅತ್ತಿಗೆ, ಪರದೆಯಾಚೆಗೆ ಕೇಳುವಷ್ಟು ಜೋರಾಗಿ. ಆ ಶಕ್ತಿ ಎಲ್ಲಿತ್ತೋ! ಡಾಕ್ಟರು ಸಾಮಾನ್ಯ ಜ್ವರದ ಮಾತ್ರೆ ಬರೆದು, ಎರಡು ದಿನದಲ್ಲಿ ಇಳಿಯದಿದ್ದರೆ ಮತ್ತೆ ಬರಬೇಕು ಎಂದರು. ಅಣ್ಣ ಚೀಟಿ ಮಡಿಸಿ ಜೇಬಿಗೆ ಹಾಕಿಕೊಂಡ.

ಜ್ವರ ಇಳಿಯಲಿಲ್ಲ. ಐದನೇ ದಿನ ಅವಳ ಮೈ ಒರೆಸಲು ರವಿಕೆಯ ತೋಳು ಮೇಲೆ ಸರಿಸಿದೆ. ಮಣಿಕಟ್ಟಿನ ತುಂಬ ಕೆಂಪು ಚುಕ್ಕೆ. ಅಂಗೈ ತಿರುಗಿಸಿದೆ, ಅಲ್ಲೂ ಇತ್ತು. ಅಂಗಾಲಲ್ಲೂ. ಅವಳು ಕಣ್ಣು ಬಿಟ್ಟು, "ನೋಡಿದ್ಯಾ? ನೀನು ನೋಡ್ತೀಯ ಅಂತ ಗೊತ್ತಿತ್ತು" ಎಂದು ಗೊಣಗಿದಳು. ಹಾಲು ಕುಡಿಸಲು ಹೋದರೆ ಬಾಯಿ ಬಿಗಿಹಿಡಿದು, "ಇದರಲ್ಲಿ ಏನು ಹಾಕಿದ್ದೀಯ?" ಎಂದಳು. ಅದು ಜ್ವರದ ಮಾತೋ ಅವಳದೇ ಮಾತೋ ಬೇರ್ಪಡಿಸುವುದು ಕಷ್ಟವೇ. ನನಗೆ ನಗು ಬರಬೇಕಿತ್ತು, ಲೋಟ ಕೆಳಗಿಟ್ಟು ಅಣ್ಣನ ಕಡೆ ತಿರುಗಿದೆ.

"ಅಣ್ಣ, ಡಾಕ್ಟರ ಹತ್ರ ನಿಜ ಹೇಳೋಣ" ಎಂದೆ.

ಅಣ್ಣ ಮಂಚದ ಕಾಲು ಹಿಡಿದು ನೆಲದ ಮೇಲೆ ಕೂತಿದ್ದ. "ಮಾತು ಕೊಟ್ಟಿದ್ದೀನಿ" ಎಂದ, ಅಷ್ಟೆ. ಅವನ ಕಣ್ಣಲ್ಲಿ ನೀರಿತ್ತು, ಆದರೂ ಅವನು ಏಳಲಿಲ್ಲ. ಆಗ ಅತ್ತಿಗೆ ಕಣ್ಣು ಮುಚ್ಚಿಕೊಂಡೇ, "ಜ್ವರದ ಮಾತ್ರೆ ಮುಗಿದಿದೆ. ಡಾಕ್ಟರ ಚೀಟಿ ಅವಳ ಕೈಗೆ ಕೊಡಿ, ಕ್ಲಿನಿಕ್ಕಿಗೆ ಅವಳೇ ಹೋಗಿ ಬರಲಿ. ನೀವು ಇಲ್ಲೇ ಇರಿ" ಎಂದಳು. ಸಾಯುವ ಹೊತ್ತಿನಲ್ಲೂ ನನಗೆ ಕೆಲಸ ಹಚ್ಚುತ್ತಾಳೆ ಎಂದು ಒಳಗೊಳಗೇ ಬೈದುಕೊಂಡು ಚೀಟಿ ತೆಗೆದುಕೊಂಡೆ.

ಹೊರಡುವ ಅವಸರದಲ್ಲಿ ಪ್ಯಾಸೇಜಿಗೆ ಬಂದೆ. ನಾಯಿಗಳ ಬೆಂಚಿನ ಮೇಲೆ ನಮ್ಮ ಮನೆಯಲ್ಲಿ ಯಾರೂ ಕೂರುವುದಿಲ್ಲ, ಅವತ್ತು ನಾನು ಕೂತೆ. ಚಪ್ಪಲಿಯ ಪಟ್ಟಿ ಹಾಕಲು ಬಗ್ಗಿದಾಗ ಮುಂಗೈ ಮೇಲೆ ಏನೋ ಹರಿದಂತಾಯಿತು. ನೋಡಿದೆ. ಒಂದಲ್ಲ, ಮೂರು. ಹೌಹಾರಿ ಎದ್ದು ಕೈ ಕೊಡವಿದೆ. ಕಾರ್ಪೆಟ್ಟಿನ ಅಂಚಿನಲ್ಲಿ ಸಾಸಿವೆಗಿಂತ ಸಣ್ಣ ಚುಕ್ಕೆಗಳು ಸಾಲುಗಟ್ಟಿ ಓಡಾಡುತ್ತಿದ್ದವು. ಕತ್ತರಿ ತಂದು ಮೊಳೆ ಎಬ್ಬಿಸಿ ಕಾರ್ಪೆಟ್ಟಿನ ಮೂಲೆ ಎತ್ತಿದೆ. ಹಲಗೆಯ ಬಿರುಕಿನ ಉದ್ದಕ್ಕೂ ಹರಳಿನ ಬೀಜದಂತೆ ಊದಿಕೊಂಡ ಬೂದು ಉಣ್ಣಿಗಳು, ಅವುಗಳ ಪಕ್ಕದಲ್ಲಿ ರಾಶಿ ರಾಶಿ ಕಂದು ಮೊಟ್ಟೆ, ಕಳಚಿದ ಪೊರೆ.

ನಾಯಿ ಡಾಕ್ಟರ ಮಾತು ಆಗ ಒಂದೊಂದಾಗಿ ನೆನಪಾಯಿತು. ಚರ್ಮಕ್ಕೆ ಕಚ್ಚಿಕೊಂಡಿದ್ದ ಉಣ್ಣಿಗಳು ಚಿಮಟಕ್ಕೆ ಸಿಕ್ಕಿ ಸೀಸೆಗೆ ಹೋದವು. ಹೊಟ್ಟೆ ತುಂಬಿ ಉದುರುವುದರಲ್ಲಿದ್ದಂಥವು, ಕೂದಲಲ್ಲಿ ಓಡಾಡುತ್ತಿದ್ದಂಥವು ಬಾಚಣಿಗೆಗೆ ಸಿಕ್ಕಿ ಕಾರ್ಪೆಟ್ಟಿಗೆ ಬಿದ್ದವು. ಬೆಚ್ಚಗಿನ ಜಾಗ, ಕತ್ತಲು, ಮರದ ಬಿರುಕು. ದಿನಕ್ಕೆರಡು ಸಲ ಅತ್ತಿಗೆಯೇ ನಾಯಿಗಳನ್ನು ತಂದು ಅವುಗಳ ಮೇಲೆ ನಿಲ್ಲಿಸುತ್ತಿದ್ದಳು, ಮುದುಕಪ್ಪನನ್ನೂ ಸೇರಿಸಿ. ಚೊಕ್ಕಟವಾಗಿ ಬಂದ ನಾಯಿಗೂ ತಪಾಸಣೆಯಲ್ಲೇ ಹತ್ತಿರಬೇಕು. ಮೇಷ್ಟ್ರು, ಬ್ಯಾಂಕಿನವರು, ತರಕಾರಿ ಹಿಡಿದವನು, ನನ್ನ ಬಟ್ಟೆ ಗಂಟು, ಎಲ್ಲರ ಮೇಲೂ ಬಂದ ಅನುಮಾನ ಬೆಂಚಿನ ಮೇಲೆ ಬರಲಿಲ್ಲ. ಹದಿನಾಲ್ಕು ವರ್ಷ ಗೇಟಿನಲ್ಲಿ ನಿಂತು ಬಂದು ಹೋಗುವವರನ್ನು ನೋಡಿದವಳು, ಗೇಟನ್ನೇ ಯಾಕೆ ನೋಡುತ್ತಾಳೆ?

ಅವಳ ಮೇಲೆ ಉರಿಯುವಷ್ಟು ಸಿಟ್ಟು ಬಂತು. ಅಷ್ಟೇ ಕನಿಕರವೂ ಬಂತು. ಅವಳದೇ ಚಿಮಟ ತೆಗೆದುಕೊಂಡು ನಾಲ್ಕನ್ನು ಹಿಡಿದು ಅವಳದೇ ಸೀಸೆಗೆ ಹಾಕಿದೆ. ಚೀಟಿಯ ಮೇಲೆ ಯಾರ ಹೆಸರು ಬರೆಯಬೇಕೆಂದು ಒಂದು ಗಳಿಗೆ ಯೋಚಿಸಿ, 'ನಮ್ಮ ಮನೆ' ಎಂದು ಬರೆದೆ.

ಕ್ಲಿನಿಕ್ಕಿನಲ್ಲಿ ಕೌಂಟರಿನಾಕೆ, "ಹೇಗಿದ್ದಾರೆ ನಿಮ್ಮ ಅತ್ತಿಗೆ? ಶನಿವಾರ ನಮ್ಮ ಬಿಳಿ ನಾಯೀನ ನಿಮ್ಮಲ್ಲಿ ಬಿಡಬೇಕಿತ್ತು" ಎಂದರು. ನಾನು ನೇರವಾಗಿ ಪರದೆ ಸರಿಸಿ ಒಳಗೆ ಹೋದೆ. ಸೀಸೆಯನ್ನು ಮೇಜಿನ ಮೇಲಿಟ್ಟು ಪಿಸುಗುಟ್ಟಿದೆ. ಡಾಕ್ಟರಿಗೆ ವಯಸ್ಸಾಗಿತ್ತು. "ಏನು? ಜೋರಾಗಿ ಹೇಳಿ" ಎಂದರು. ಮತ್ತೆ ಮೆಲ್ಲಗೆ ಹೇಳಿದೆ. "ಕೇಳಿಸ್ತಾ ಇಲ್ಲಮ್ಮ."

"ಉಣ್ಣಿ" ಎಂದೆ. ಜೋರಾಗಿಯೇ ಹೇಳಿದೆ. "ನಮ್ಮ ಮನೆ ತುಂಬ ಉಣ್ಣಿ ಇದೆ. ಎರಡು ತಿಂಗಳಿಂದ ಇದೆ. ನಾಯಿಗೂ ಉಣ್ಣಿ ಜ್ವರ ಬಂದಿತ್ತು. ಅತ್ತಿಗೆ ಉಗುರಲ್ಲಿ ಚಿಟುಕಿಸ್ತಾಳೆ. ಅಂಗೈ ಅಂಗಾಲಲ್ಲಿ ಕೆಂಪು ಚುಕ್ಕೆ ಬಂದಿದೆ. ಎಲ್ಲಾ ಮುಚ್ಚಿಟ್ಟಿದ್ವಿ."

ಪರದೆಯಾಚೆ ಕೌಂಟರಿನಾಕೆ ಯಾರದೋ ಹೆಸರು ಕೂಗುತ್ತಿದ್ದವರು ಅರ್ಧಕ್ಕೆ ನಿಲ್ಲಿಸಿದರು. ಡಾಕ್ಟರು ಎದ್ದೇ ನಿಂತರು. "ಇದನ್ನ ಮೊನ್ನೆಯೇ ಹೇಳೋದಲ್ವಾ? ಕಚ್ಚಿದ್ರೂ ಬರತ್ತೆ, ಹೀಗೆ ಜಜ್ಜಿ ಆ ರಕ್ತ ಉಗುರು ಸಂದಿಗೆ ಹೋದ್ರೂ ಬರತ್ತೆ. ಮೂತ್ರಪಿಂಡಕ್ಕೋ ಮಿದುಳಿಗೋ ಹೋದ್ರೆ ಆಮೇಲೆ ನಮ್ಮ ಕೈಲಿ ಇರಲ್ಲ. ಈಗಲೇ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ" ಎಂದು ಬೈಯುತ್ತಲೇ ಬರೆದರು. ಔಷಧಿಯ ಹೆಸರು ಓದಿದೆ. ನಾಯಿ ಡಾಕ್ಟರು ಮುದುಕಪ್ಪನಿಗೆ ಬರೆದಿದ್ದದ್ದೂ ಅದೇ.

ಅತ್ತಿಗೆ ಆಸ್ಪತ್ರೆಯಲ್ಲಿ ಎಂಟು ದಿನ ಇದ್ದಳು. ಮೂರನೇ ದಿನಕ್ಕೆ ಜ್ವರ ಬಿಟ್ಟಿತು. ಮನೆಯಲ್ಲಿ ಮಾತ್ರ, ನಾನು ಕ್ಲಿನಿಕ್ಕಿನಿಂದ ಬಂದ ಸಂಜೆಯೇ ನಾಲ್ಕು ನಾಯಿಗಳನ್ನು ಅವರವರ ಮನೆಯವರು ಬಂದು ಕರೆದುಕೊಂಡು ಹೋದರು. ಒಬ್ಬರು ಬೋರ್ಡು ಓದಿ ನನ್ನ ಮುಖ ನೋಡಿದರು. ಬೈದಿದ್ದರೆ ವಾಸಿ ಇತ್ತು. ಮಾರನೇ ದಿನ ಅಣ್ಣ ಏಣಿ ಹಾಕಿ ಬೋರ್ಡು ಇಳಿಸಿದ. ಬೆಂಚನ್ನು ಹಿತ್ತಲಿಗೆ ಎಳೆದು ಸೀಮೆಎಣ್ಣೆ ಸುರಿದು ಸುಟ್ಟ. ಔಷಧಿ ಹೊಡೆಯುವವನ ಗಾಡಿ ಹಗಲಲ್ಲೇ ಮನೆ ಮುಂದೆ ನಿಂತಿತು. ಅವನು ಗೋಡೆ ನೆಲ ಸೇ‌ರುವ ಸಂದು, ಬಾಗಿಲ ಚೌಕಟ್ಟು, ಪರದೆಯ ಕೊಳವೆ, ಫೋಟೋಗಳ ಹಿಂಬದಿ ಒಂದನ್ನೂ ಬಿಡಲಿಲ್ಲ. ಬಿರುಕುಗಳಿಗೆಲ್ಲ ಸಿಮೆಂಟು ಮೆತ್ತಿಸಿದೆವು, ಹಾಸು ಹೊದಿಕೆ ಕುದಿಸಿದೆವು. ಅದೇ ದಿನ ಮುದುಕಪ್ಪನ ಮೈಗೂ ಔಷಧಿ ಬಿತ್ತು. "ಮೊಟ್ಟೆಗೆ ಔಷಧಿ ತಾಗಲ್ಲ, ಒಡೆದು ಮರಿ ಬಂದ ಮೇಲೆ ಮತ್ತೆ ಬರ್ತೀನಿ" ಎಂದವನು ಎರಡೆರಡು ವಾರಕ್ಕೊಮ್ಮೆಯಂತೆ ಮೂರು ಸಲ ಬಂದ.

ಅತ್ತಿಗೆ ಮನೆಗೆ ಬಂದು ಖಾಲಿ ಕೋಣೆಗಳನ್ನು ನೋಡಿದಳು. ಬೋರ್ಡು ಇದ್ದ ಜಾಗ ನೋಡಿದಳು. ಒಂಬತ್ತು ದಿನ ನನ್ನ ಜೊತೆ ಮಾತಾಡಲಿಲ್ಲ. ಎದುರು ಬಂದರೆ ಮುಖ ಆ ಕಡೆ. ನನಗೆ ಅಪರಾಧಿಯ ಹಾಗೆ ಅನ್ನಿಸುತ್ತಿತ್ತು. ಜೀವ ಉಳಿಸಿದೆ ಎಂದು ಸಮಾಧಾನ ಮಾಡಿಕೊಂಡರೂ, ಅವಳು ಕಟ್ಟಿಕೊಂಡಿದ್ದ ಹೆಸರನ್ನು ನಾನೇ ಎಲ್ಲರೆದುರು ಕೂಗಿ ಕಳೆದಿದ್ದೆ. ಪೆಟ್ಟಿಗೆ ಎತ್ತಿಕೊಂಡು ಹೊರಡಬೇಕಾಗಬಹುದು ಎಂದೂ ಅನ್ನಿಸಿತು.

ಹತ್ತನೇ ದಿನ ಮಧ್ಯಾಹ್ನ ಗೋಡೆ ಹಿಡಿದು ಮೆಟ್ಟಿಲು ಹತ್ತಿ ನನ್ನ ಕೋಣೆಗೆ ಬಂದಳು. ಏದುಸಿರು ನಿಲ್ಲುವವರೆಗೆ ಬಾಗಿಲಲ್ಲೇ ನಿಂತಿದ್ದಳು.

"ಡಾಕ್ಟ್ರ ಹತ್ರ ಬಾಯಿ ಬಿಟ್ಟಿದ್ದು ನೀನೇ ತಾನೆ?"

"ನಾನೇ" ಎಂದೆ. "ಮಾತು ಮುರಿದೆ. ಏನು ಬೇಕಾದ್ರೂ ಅನ್ನು."

"ನನಗೆ ಮೊದಲೇ ಅನುಮಾನ ಇತ್ತು."

ಅದನ್ನು ಕೇಳಿ ನನಗೆ ಸಿಟ್ಟು ನೆತ್ತಿಗೇರಿತು. "ಅಷ್ಟು ಅನುಮಾನ ಇದ್ದಿದ್ರೆ ನನ್ನನ್ನ ಯಾಕೆ ಕಳಿಸಿದೆ? ಅಣ್ಣನ್ನ ಕಳಿಸಬಹುದಿತ್ತಲ್ಲ?"

"ನಿಮ್ಮಣ್ಣ ಮಾತು ಕೊಟ್ರೆ ಮುಗೀತು. ನಾನು ಕಣ್ಣೆದುರಿಗೆ ಸತ್ರೂ ಬಾಯಿ ಬಿಡ್ತಿರ್ಲಿಲ್ಲ ಅವರು" ಎಂದು ಬಂದು ನನ್ನ ಮಂಚದ ಮೇಲೆ ಕೂತಳು. "ನೀನು ಬಿಡ್ತೀಯ ಅಂತ ಅನುಮಾನ ಇತ್ತು. ಅದಕ್ಕೇ ಚೀಟಿ ನಿನ್ನ ಕೈಗೆ ಕೊಡಿಸಿದ್ದು."

ನಾನು ನಂಬಲಿಲ್ಲ. ಆಗಿಹೋದ ಮೇಲೆ ಮಾನ ಉಳಿಸಿಕೊಳ್ಳಲು ಹೊಲಿದ ಮಾತಿರಬಹುದು ಎಂದುಕೊಂಡು ಅವಳ ಮುಖವನ್ನೇ ನೋಡಿದೆ. ಆಮೇಲೆ ಅವಳು ಹೇಳಿಕೊಟ್ಟದ್ದು ನೆನಪಾಗಿ ಕೈ ನೋಡಿದೆ. ಚರ್ಮ ಸುಲಿದ ಆ ಎರಡು ಅಂಗೈಗಳನ್ನು ಅವಳು ಮಡಿಲಲ್ಲಿ ಮೇಲ್ಮುಖವಾಗಿ ಇಟ್ಟುಕೊಂಡಿದ್ದಳು, ಮುಚ್ಚಿಕೊಂಡಿರಲಿಲ್ಲ.

"ಗೊತ್ತಿದ್ದ ಮೇಲೆ ನೀನೇ ಹೇಳಬಹುದಿತ್ತಲ್ಲ, ಅತ್ತಿಗೆ?"

"ಬಾಯಿಗೆ ಬರ್ಲಿಲ್ಲ ಕಣೇ" ಎಂದಳು. "ಜೀವ ಹೋಗತ್ತೆ ಅಂತ ಗೊತ್ತಾಗ್ತಾ ಇತ್ತು. ಆದ್ರೂ ಬರ್ಲಿಲ್ಲ."